ಕಾರಿನ ಗುಂಡಿಗಳೂ ಮೈಯ ಆರೋಗ್ಯವೂ

ಕಳೆದ ಚಳಿಗಾಲದಲ್ಲಿ ಒಬ್ಬ ಮಗ ತನ್ನ ತಾಯಿಯನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದ. ಗಲ್ಫ್‌ನಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದವನು. ಬಂದ ತಿಂಗಳಲ್ಲೇ ಒಂದು ದೊಡ್ಡ ವಿದೇಶಿ ಕಾರು ಕೊಂಡಿದ್ದ. ಸೆಕೆಂಡ್ ಹ್ಯಾಂಡ್ ಆದರೂ ಒಳಗೆ ಯಾವ ಸೌಕರ್ಯಕ್ಕೂ ಕೊರತೆಯಿಲ್ಲ. ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಂಗಳೂರಿನಿಂದ ರಾತ್ರಿ ಹೊರಟು ಹಾಸನ, ಸಕಲೇಶಪುರ, ಶಿರಾಡಿ ದಾರಿಯಾಗಿ ಮಂಗಳೂರಿಗೆ ಬಂದಿದ್ದ. ಹಾಸನದ ಚಳಿಗೆ ಉಮ್ಮ ಮೈ ಮುದುಡಿಕೊಂಡದ್ದನ್ನು ಕಂಡು, ಸೀಟು ಬಿಸಿ ಮಾಡುವ ಗುಂಡಿಯನ್ನು ಮೂರು ದೀಪವೂ ಹೊತ್ತಿಕೊಳ್ಳುವಂತೆ ಒತ್ತಿದ. ಆಮೇಲೆ ಅದು ಮರೆತೇ ಹೋಯಿತು.

ಮರುದಿನ ಸ್ನಾನ ಮಾಡುವಾಗ ಆ ತಾಯಿಯ ತೊಡೆಯ ಹಿಂಭಾಗದಲ್ಲಿ ಅಂಗೈ ಅಗಲದ ಕೆಂಪು, ಅದರ ನಡುವೆ ನೀರು ತುಂಬಿದ ಗುಳ್ಳೆಗಳು. ಅವರಿಗೆ ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಕಾಲುಗಳ ಸ್ಪರ್ಶಜ್ಞಾನ ಮೊದಲೇ ಮಂದವಾಗಿತ್ತು. "ಬೆಚ್ಚಗೆ ಇತ್ತು ಡಾಕ್ಟ್ರೇ, ಸುಡುತ್ತದೆ ಅಂತ ಗೊತ್ತೇ ಆಗಲಿಲ್ಲ" ಎಂದರು. ಗಾಯದ ಡ್ರೆಸ್ಸಿಂಗಿಗೆ ಅವರನ್ನು ಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸಿದೆ. ಮಾಯಲು ಆರು ವಾರ ಬೇಕಾಯಿತು. ಮಗ ತಲೆ ತಗ್ಗಿಸಿ ಕುಳಿತಿದ್ದ. "ಆರಾಮವಾಗಲಿ ಅಂತಲೇ ಮಾಡಿದ್ದು" ಎಂಬ ಒಂದೇ ಮಾತು. ಕಾರಿನ ಕೈಪಿಡಿ ಓದಿದ್ದೀಯಾ ಎಂದು ಕೇಳಿದೆ. ಅದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಇದೆ ಎಂದ.

ಪ್ರಿಯ ಓದುಗರೇ, ಇಂತಹ ಕಾರು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ಆದರೆ ಮದುವೆಗೆ ಬಾಡಿಗೆಗೆ ತರುತ್ತೀರಿ, ವಿಮಾನ ನಿಲ್ದಾಣದಿಂದ ಬಂಧುಗಳ ಕಾರಿನಲ್ಲಿ ಬರುತ್ತೀರಿ. ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ ತಣ್ಣನೆಯ ಸೀಟು, ತಾನೇ ತಾಪಮಾನ ಹೊಂದಿಸುವ ಎಸಿ, ದೊಡ್ಡ ಟಚ್ ಸ್ಕ್ರೀನ್ ಇವೆಲ್ಲ ಈಗ ಮಧ್ಯಮ ವರ್ಗದ ಕಾರುಗಳಿಗೂ ಬಂದಿವೆ. ಆದ್ದರಿಂದ ಈ ಪಾಠ ಎಲ್ಲರಿಗೂ.

ಯುನಾನಿ ವೈದ್ಯದಲ್ಲಿ ಆರೋಗ್ಯವನ್ನು ಕಾಯುವ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಅವುಗಳ ಹೆಸರು ಅಸ್ಬಾಬೆ ಸಿತ್ತಾ ಝರೂರಿಯಾ. ಗಾಳಿ, ಅನ್ನ-ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಇವುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಅವರು ತೀರಿಕೊಂಡದ್ದು 1037ರಲ್ಲಿ. ಆಗ ಕಾರು ಇರಲಿಲ್ಲ, ಆದರೆ ದೇಹ ಇದೇ ಆಗಿತ್ತು. ಕಾರಿನ ಬಾಗಿಲು ಮುಚ್ಚಿದಾಗ ಈ ಆರೂ ವಿಷಯಗಳು ಒಂದು ಸಣ್ಣ ಪೆಟ್ಟಿಗೆಯೊಳಗೆ ಸೇರುತ್ತವೆ, ಅವುಗಳಲ್ಲಿ ಹೆಚ್ಚಿನವುಗಳ ಕೀಲಿ ಡ್ಯಾಶ್‌ಬೋರ್ಡಿನ ಗುಂಡಿಗಳಲ್ಲಿರುತ್ತದೆ. ಒಂದೊಂದಾಗಿ ನೋಡೋಣ.

ಗಾಳಿ

ಎಸಿ ಗುಂಡಿಗಳ ನಡುವೆ ಕಾರಿನ ಚಿತ್ರವಿರುವ ಗುಂಡಿಯನ್ನು ಹುಡುಕಿ. ಬಾಣವು ಕಾರಿನ ಒಳಗೇ ಸುತ್ತುತ್ತಿದ್ದರೆ ಒಳಗಿನ ಗಾಳಿಯೇ ಮತ್ತೆ ಮತ್ತೆ ತಿರುಗುತ್ತದೆ ಎಂದರ್ಥ. ಬಾಣವು ಹೊರಗಿನಿಂದ ಒಳಬರುತ್ತಿದ್ದರೆ ತಾಜಾ ಗಾಳಿ ಬರುತ್ತದೆ. ಹೆಚ್ಚಿನವರು ಮೊದಲನೆಯದನ್ನು ಒತ್ತಿ ಅಲ್ಲಿಗೇ ಬಿಡುತ್ತಾರೆ, ಬೇಗ ತಂಪಾಗುತ್ತದೆ ಎಂಬ ಕಾರಣಕ್ಕೆ.

ತಂಪು ಬೇಗ ಆಗುವುದು ನಿಜ. ಆದರೆ ಐದು ಮಂದಿ ಉಸಿರು ಬಿಟ್ಟ ಗಾಳಿಯನ್ನೇ ಐದು ಮಂದಿ ಎಳೆದುಕೊಳ್ಳುತ್ತಾರೆ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 420 ಭಾಗ ಇರುತ್ತದೆ. ತುಂಬಿದ ಕಾರಿನಲ್ಲಿ ಒಳಗಾಳಿಯನ್ನೇ ಸುತ್ತಿಸಿದರೆ ಅದು ಬೇಗನೆ ಕೆಲವು ಸಾವಿರ ಭಾಗಗಳಿಗೆ ಏರುತ್ತದೆ. ತಲೆ ಭಾರ, ಆಕಳಿಕೆ, ಮಂಪರು ಶುರುವಾಗುವುದು ಹೀಗೆ. ಚಾಲಕನಿಗೆ ಮಂಪರು ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಬಿಸಿಲಲ್ಲಿ ನಿಂತಿದ್ದ ಕಾರಿನ ಕಿಟಕಿಗಳನ್ನು ತೆರೆದು ಒಂದೆರಡು ನಿಮಿಷ ಓಡಿಸಿ, ಆಮೇಲೆ ಮುಚ್ಚಿ ಒಳಗಾಳಿಯಲ್ಲಿ ತಂಪು ಮಾಡಿ, ತಂಪಾದ ಮೇಲೆ ಹೊರಗಾಳಿಗೆ ಬದಲಿಸಿ. ಹೊಗೆ ಉಗುಳುವ ಲಾರಿಯ ಹಿಂದೆ, ಸುರಂಗದಲ್ಲಿ, ಧೂಳಿನ ದಾರಿಯಲ್ಲಿ ಮಾತ್ರ ಸ್ವಲ್ಪ ಹೊತ್ತು ಒಳಗಾಳಿ ಸಾಕು.

ತಾಪಮಾನವನ್ನು 24 ಡಿಗ್ರಿ ಆಸುಪಾಸಿನಲ್ಲಿಟ್ಟು 'ಆಟೋ' ಗುಂಡಿ ಒತ್ತಿ. ಉಳಿದದ್ದನ್ನು ಕಾರು ನೋಡಿಕೊಳ್ಳುತ್ತದೆ. ಹೊರಗೆ 35 ಡಿಗ್ರಿ, ಒಳಗೆ 17 ಡಿಗ್ರಿ, ಹತ್ತಿ ಇಳಿದು ಹತ್ತಿ ಇಳಿದು ಆಸ್ತಮಾ ಇರುವವರಿಗೆ ಕೆಮ್ಮು ಕೆದಕಿಕೊಳ್ಳುತ್ತದೆ. ದೊಡ್ಡ ಕಾರುಗಳಲ್ಲಿ ಬಲ, ಎಡ, ಹಿಂಭಾಗಕ್ಕೆ ಬೇರೆ ಬೇರೆ ತಾಪಮಾನ ಇಡಬಹುದು. 'ಸಿಂಕ್' ಎಂಬ ಗುಂಡಿ ಹೊತ್ತಿಕೊಂಡಿದ್ದರೆ ಎಲ್ಲ ಕಡೆಗೂ ಚಾಲಕನ ತಾಪಮಾನವೇ. ಅಜ್ಜಿಗೆ ಚಳಿಯಾದರೆ ಕಾರನ್ನೆಲ್ಲ ಬಿಸಿ ಮಾಡಬೇಕಾಗಿಲ್ಲ. ಸಿಂಕ್ ಆರಿಸಿ ಅವರ ಕಡೆಯದನ್ನು ಮಾತ್ರ ಎರಡು ಡಿಗ್ರಿ ಏರಿಸಿ. ಗಾಳಿಯ ಬಾಯಿಯನ್ನು ಮುಖಕ್ಕೂ ಕುತ್ತಿಗೆಗೂ ನೇರವಾಗಿ ತಿರುಗಿಸಬೇಡಿ. ಕಣ್ಣು ಒಣಗುತ್ತದೆ, ಕುತ್ತಿಗೆ ಬಿಗಿಯುತ್ತದೆ.

ಮಳೆಗಾಲದಲ್ಲಿ ಮುಂದಿನ ಗಾಜಿನ ಒಳಮೈ ಮಂಜಾದರೆ ಎಸಿ ಹಾಕಿ, ಹೊರಗಾಳಿ ಇಟ್ಟು, ಬೀಸಣಿಗೆಯಾಕಾರದ ಗಾಜಿನ ಮೇಲೆ ಮೂರು ಬಾಣವಿರುವ ಗುಂಡಿ ಒತ್ತಿ. ಎಸಿ ಗಾಳಿಯ ತೇವವನ್ನು ಹೀರುತ್ತದೆ. ಹೊರಮೈ ಮಂಜಾದರೆ ಗಾಜು ಅತಿ ತಣ್ಣಗಾಗಿದೆ ಎಂದರ್ಥ. ವೈಪರ್ ಹಾಕಿ, ತಾಪಮಾನ ಏರಿಸಿ. ಘಾಟಿಯಲ್ಲಿ ಕರವಸ್ತ್ರದಿಂದ ಗಾಜು ಒರೆಸುತ್ತಾ ಓಡಿಸುವವರು ಈ ವ್ಯತ್ಯಾಸ ತಿಳಿಯಬೇಕು.

ಎಸಿ ಹಾಕಿದೊಡನೆ ಹಸಿ ಬಟ್ಟೆಯ ವಾಸನೆ ಬಂದರೆ ಒಳಗಿನ ತಂಪು ಕೊಳವೆಗಳ ಮೇಲೆ ಬೂಷ್ಟು ಬೆಳೆದಿರಬಹುದು. ಮನೆ ತಲುಪುವ ಮೂರು ನಾಲ್ಕು ನಿಮಿಷ ಮೊದಲು 'ಎ/ಸಿ' ಗುಂಡಿ ಆರಿಸಿ ಫ್ಯಾನ್ ಮಾತ್ರ ಓಡಲಿ. ಒಳಗಿನ ತೇವ ಒಣಗುತ್ತದೆ. ಕ್ಯಾಬಿನ್ ಫಿಲ್ಟರನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ, ಧೂಳಿನ ಊರಾದರೆ ಇನ್ನೂ ಬೇಗ. ವಾಸನೆಯನ್ನು ಸುಗಂಧದಿಂದ ಮುಚ್ಚಬೇಡಿ. ಅತ್ತರ್, ಊದ್ ನಮ್ಮ ಮನೆಗಳಿಗೆ ಪ್ರಿಯವಾದವು. ಕೆಲವು ದುಬಾರಿ ಕಾರುಗಳಲ್ಲಿ ಸುಗಂಧ ಸೂಸುವ ಯಂತ್ರವೇ ಇದೆ. ಮರ್ಸಿಡಿಸ್ ಬೆಂಝ್ ತನ್ನ 2013ರ ಎಸ್ ಕ್ಲಾಸ್‌ನಲ್ಲಿ ಇಂತಹದ್ದನ್ನು ತಂದಿತು. ಆದರೆ ಮುಚ್ಚಿದ ಕಾರಿನಲ್ಲಿ ಆಸ್ತಮಾ, ಮೈಗ್ರೇನ್ ಇರುವವರಿಗೂ ಬಸುರಿಯರಿಗೂ ಅದೇ ಸುಗಂಧ ಉಸಿರುಗಟ್ಟಿಸುತ್ತದೆ. ಜೊತೆಯಲ್ಲಿರುವವರನ್ನು ಕೇಳಿದ ಮೇಲೆಯೇ ಹಾಕಿ.

ದೇಹದ ಚಲನೆ ಮತ್ತು ವಿಶ್ರಾಂತಿ

ಬಾಗಿಲಿನ ಮೇಲೋ ಸೀಟಿನ ಬದಿಯಲ್ಲೋ ಸೀಟು ಹೊಂದಿಸುವ ಗುಂಡಿಗಳಿರುತ್ತವೆ. ಕಾರು ನಿಂತಿರುವಾಗ ಈ ಕ್ರಮದಲ್ಲಿ ಹೊಂದಿಸಿ.

ಮೊದಲು ಹಿಂದಿನ ಜೇಬಿನ ಪರ್ಸ್ ತೆಗೆಯಿರಿ. ದಪ್ಪ ಪರ್ಸಿನ ಮೇಲೆ ಗಂಟೆಗಟ್ಟಲೆ ಕೂತರೆ ಸೊಂಟ ಓರೆಯಾಗಿ, ಕಾಲಿಗೆ ಇಳಿಯುವ ನರ ಒತ್ತಿಕೊಳ್ಳುತ್ತದೆ. ಸೊಂಟವನ್ನು ಸೀಟಿನ ಬೆನ್ನಿಗೆ ಪೂರ್ತಿ ತಾಗಿಸಿ ಕೂರಿ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರುವಷ್ಟು ಸೀಟನ್ನು ಮುಂದಕ್ಕೆ ತನ್ನಿ. ಬೆನ್ನನ್ನು ಸ್ವಲ್ಪವೇ ಹಿಂದಕ್ಕೆ ಓರೆ ಮಾಡಿ. ಭುಜ ಸೀಟಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ಸಿಗಬೇಕು. ಎದೆಗೂ ಸ್ಟೇರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ, ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿಯುತ್ತದೆ. ಆಮೇಲೆ ಸೊಂಟದ ಆಸರೆ. ಸೀಟಿನ ಬದಿಯ ದುಂಡು ಗುಂಡಿ ಒತ್ತಿದರೆ ಸೊಂಟದ ಒಳಬಾಗಿನಲ್ಲಿ ಸೀಟು ಉಬ್ಬುತ್ತದೆ. ಅಂಗೈ ಇಟ್ಟಷ್ಟು ಆಸರೆ ಸಾಕು, ಚುಚ್ಚಬಾರದು. ಕೊನೆಗೆ ತಲೆಯ ಆಸರೆ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಲಿ. ತಲೆಗೂ ಅದಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಬೇಡ. ಹಿಂದಿನಿಂದ ವಾಹನ ಗುದ್ದಿದಾಗ ಕುತ್ತಿಗೆಯನ್ನು ಉಳಿಸುವುದು ಇದೇ.

ಸಹೋದರಿಯರಿಗೆ ಒಂದು ಮಾತು. ಹಿಜಾಬಿನ ಒಳಗೆ ಕೂದಲನ್ನು ಹಿಂದೆ ದೊಡ್ಡ ತುರುಬು ಕಟ್ಟಿದರೆ ತಲೆ ಮುಂದಕ್ಕೆ ತಳ್ಳಲ್ಪಡುತ್ತದೆ. ದೂರ ಪ್ರಯಾಣಕ್ಕೆ ತಗ್ಗಿಸಿ ಕಟ್ಟಿ, ಬೆಲ್ಟ್ ಹಾಯುವ ಭುಜದಲ್ಲಿ ಪಿನ್ ಬೇಡ. ಬುರ್ಖಾದ ಮಡಿಕೆಗಳನ್ನು ಸರಿಸಿ ಬೆಲ್ಟನ್ನು ಮೈಗೆ ಒತ್ತಾಗಿ ಹಾಕಿ. ಸೀಟು ಸರಿಯುವ ಮೊದಲು ಬಟ್ಟೆಯ ಅಂಚನ್ನು ಎತ್ತಿಕೊಳ್ಳಿ.

ಎಲ್ಲ ಹೊಂದಿಸಿದ ಮೇಲೆ 'ಸೆಟ್' ಅಥವಾ 'ಎಂ' ಗುಂಡಿ ಒತ್ತಿ, ಕೂಡಲೇ 1 ಒತ್ತಿ. ಕಾರು ಅದನ್ನು ನೆನಪಿಡುತ್ತದೆ. ಪತ್ನಿಗೆ 2, ಮಗನಿಗೆ 3. ಆದರೆ ಓಡಿಸುವಾಗ ಈ ಸಂಖ್ಯೆ ಒತ್ತಬೇಡಿ. ಹಿಂದೆ ಕುಳಿತವರ ಕಾಲು ಸೀಟಿನಡಿ ಇಲ್ಲವೆಂದು ನೋಡಿದ ಮೇಲೆಯೇ ಒತ್ತಿ.

ಹಿಂದಿನ ಸೀಟನ್ನು ಹಾಸಿಗೆಯಂತೆ ಒರಗಿಸಿ ಮಲಗುವುದು ಶ್ರೀಮಂತ ಕಾರಿನ ದೊಡ್ಡ ಆಕರ್ಷಣೆ. ಓಡುವ ಕಾರಿನಲ್ಲಿ ಅದು ಅಪಾಯ. ಡಿಕ್ಕಿಯಾದಾಗ ಮೈ ಬೆಲ್ಟಿನ ಅಡಿಯಿಂದ ಜಾರಿ, ಬೆಲ್ಟು ಎಲುಬಿನ ಬದಲು ಹೊಟ್ಟೆಯನ್ನು ಒತ್ತುತ್ತದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಬೇಡ ಎಂಬ ಭಾವನೆಯೂ ತಪ್ಪು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಒಂದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ. ಅವರು ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಕಾರಿನ ಬೆಲೆ ಬೆಲ್ಟಿನ ಕೆಲಸ ಮಾಡುವುದಿಲ್ಲ.

ಗಂಟೆಗಟ್ಟಲೆ ಕಾಲು ಅಲುಗಿಸದೆ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ವಯಸ್ಸಾದವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಹೆಚ್ಚು ಎಚ್ಚರವಿರಲಿ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ದೂರ ಪ್ರಯಾಣದಲ್ಲಿ ನಮಾಝ್‌ಗೆ ನಿಲ್ಲಿಸುವ ಕುಟುಂಬಗಳಿಗೆ ಈ ಒಳ್ಳೆಯ ರೂಢಿ ಆಗಲೇ ಇದೆ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಸಿ, ತಂಪು ಮತ್ತು ಮಸಾಜ್

ಸೀಟಿನ ಚಿತ್ರದ ಮೇಲೆ ಮೂರು ಅಲೆಗೆರೆಗಳಿದ್ದರೆ ಅದು ಬಿಸಿ. ಫ್ಯಾನಿನ ಗುರುತಿದ್ದರೆ ಅದು ಗಾಳಿಯಾಡಿಸುವ ಸೀಟು. ದೀಪಗಳ ಸಂಖ್ಯೆ ಅದರ ತೀವ್ರತೆ.

ಬಿಸಿ ಸೀಟು ಚಳಿಯಲ್ಲಿ ಸೊಂಟಕ್ಕೆ ಹಿತ. ಮೂರು ದೀಪದಲ್ಲಿ ಐದು ನಿಮಿಷ, ಆಮೇಲೆ ಒಂದು ದೀಪ, ಹದಿನೈದು ನಿಮಿಷಕ್ಕೆ ಆರಿಸುವುದು, ಇದು ನಾನು ನನ್ನ ರೋಗಿಗಳಿಗೆ ಹೇಳುವ ಕ್ರಮ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು, ಪಾರ್ಶ್ವವಾಯು ಆದವರು, ಬೆನ್ನುಹುರಿಗೆ ಪೆಟ್ಟಾದವರು, ನಿದ್ರೆ ಮಾತ್ರೆ ನುಂಗಿದವರು, ಮಾತು ಬಾರದ ಮಕ್ಕಳು ಕೂರುವ ಸೀಟಿನಲ್ಲಿ ಬಿಸಿಯನ್ನು ಹಾಕಲೇಬೇಡಿ. ನೋವು ದೇಹದ ಕಾವಲುಗಾರ. ಕಾವಲುಗಾರ ಮಲಗಿರುವ ಮನೆಗೆ ಬೆಂಕಿ ತರಬಾರದು. ಮಕ್ಕಳ ನಿರೀಕ್ಷೆಯಲ್ಲಿರುವ ಗಂಡಸರೂ ದಿನವೂ ಬಿಸಿ ಸೀಟಿನಲ್ಲಿ ದೀರ್ಘವಾಗಿ ಕೂರುವುದು ಬೇಡ. ವೃಷಣಗಳು ದೇಹಕ್ಕಿಂತ ತಂಪಾಗಿರಬೇಕಾದ ಅಂಗಗಳು.

ಬೆವರಿ ಒದ್ದೆಯಾದ ಬೆನ್ನಿಗೆ ಗಾಳಿಯ ಸೀಟನ್ನು ಪೂರ್ತಿ ತೀವ್ರತೆಯಲ್ಲಿ ಇಡಬೇಡಿ, ಬೆನ್ನು ಹಿಡಿದುಕೊಳ್ಳಬಹುದು. ಸಣ್ಣ ತೀವ್ರತೆಯಿಂದ ಆರಂಭಿಸಿ. ಮಸಾಜ್ ಸೀಟು ದಣಿವು ನೀಗಿಸಬಹುದು, ಆದರೆ ಅದು ಚಿಕಿತ್ಸೆಯಲ್ಲ. ಬೆನ್ನಿನ ಆಪರೇಷನ್ ಆದವರು, ಎಲುಬು ಸವೆದವರು, ಬಸುರಿಯರು ವೈದ್ಯರನ್ನು ಕೇಳದೆ ಬಳಸಬಾರದು.

ಮನಸ್ಸಿನ ಚಲನೆ

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಫ್ಯಾನ್ ಕಡಿಮೆ ಮಾಡಲು ನೀವು ಎರಡು ಸೆಕೆಂಡ್ ಟಚ್ ಸ್ಕ್ರೀನ್ ನೋಡಿದರೆ 44 ಮೀಟರ್ ದಾರಿಯನ್ನು ಕಣ್ಣು ಮುಚ್ಚಿ ದಾಟಿದಂತೆ. ದಾರಿ, ತಾಪಮಾನ, ಹಾಡು ಅಥವಾ ಕಿರಾಅತ್ ಏನಿದ್ದರೂ ಹೊರಡುವ ಮೊದಲೇ ಹೊಂದಿಸಿ. ಓಡುವಾಗ ಸ್ಟೇರಿಂಗಿನ ಮೇಲಿನ ಗುಂಡಿಗಳು, ಧ್ವನಿ ಆದೇಶ, ಇಲ್ಲವೇ ಪಕ್ಕದಲ್ಲಿ ಕುಳಿತವರ ಕೈ.

ರಾತ್ರಿ ಸ್ಕ್ರೀನಿನ ಬೆಳಕನ್ನೂ ಬಣ್ಣದ ಒಳದೀಪಗಳನ್ನೂ ತಗ್ಗಿಸಿ. ಒಳಗೆ ಬೆಳಕು ಹೆಚ್ಚಿದರೆ ಕಣ್ಣು ಹೊರಗಿನ ಕತ್ತಲೆಗೆ ಒಗ್ಗುವುದಿಲ್ಲ, ದಾರಿ ಬದಿ ನಡೆಯುವವರು ಕಾಣುವುದಿಲ್ಲ. ಹಿಂದಿನ ಸೀಟಿನ ಪರದೆಯಲ್ಲಿ ಮಕ್ಕಳು ಕಾರ್ಟೂನ್ ನೋಡುತ್ತಾ ಘಾಟಿ ಇಳಿದರೆ ವಾಂತಿ ಖಚಿತ. ಕಣ್ಣು 'ನಿಂತಿದ್ದೇನೆ' ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ 'ತಿರುಗುತ್ತಿದ್ದೇನೆ' ಎನ್ನುತ್ತದೆ. ಪರದೆ ಆರಿಸಿ, ದೂರ ನೋಡಲು ಹೇಳಿ, ಹೊರಗಾಳಿ ಕೊಡಿ. ದೊಡ್ಡವರಾದರೆ ಒಂದು ಸಣ್ಣ ಚೂರು ಶುಂಠಿ ಬಾಯಲ್ಲಿಟ್ಟುಕೊಳ್ಳಬಹುದು.

ನಿದ್ರೆ ಮತ್ತು ಎಚ್ಚರ

ಕೆಲವು ಕಾರುಗಳಲ್ಲಿ ಚಾಲಕ ದಣಿದಿದ್ದಾನೆ ಎನಿಸಿದಾಗ ಕಾಫಿ ಕಪ್ಪಿನ ಚಿಹ್ನೆ ಮೂಡುತ್ತದೆ. ಅದನ್ನು ಒತ್ತಿ ಮಾಯ ಮಾಡುವುದು ಸುಲಭ, ನಿದ್ರೆಯನ್ನು ಮಾಯ ಮಾಡಲಾಗದು. ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್, ಗೆರೆಯೊಳಗೆ ಉಳಿಸುವ ಸಹಾಯಕ ಇವು ಯಾವುವೂ ನಿಮ್ಮ ಬದಲು ಎಚ್ಚರ ಇರುವುದಿಲ್ಲ. ಮಧ್ಯರಾತ್ರಿಯ ವಿಮಾನಕ್ಕೆ ಬಂಧುಗಳನ್ನು ಕರೆತರಲು ಹೋಗುವವರು, ಉಪವಾಸದ ತಿಂಗಳಲ್ಲಿ ಸಹರಿಯ ನಂತರ ಮಲಗದೆ ಹೊರಡುವವರು ನೆನಪಿಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ಎಂಜಿನ್ ಆರಿಸಿ, ಗಾಜು ಸ್ವಲ್ಪ ಇಳಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಎಸಿಯಲ್ಲಿ ಮಲಗುವುದು ಪ್ರಾಣಾಂತಿಕ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಅನ್ನ-ಪಾನ, ವಿಸರ್ಜನೆ

ಶೌಚಾಲಯ ಸಿಗದೆಂಬ ಭಯಕ್ಕೆ ನಮ್ಮ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಎಸಿಯ ಒಣಗಾಳಿಯಲ್ಲಿ ಬಾಯಾರಿಕೆಯೂ ತಿಳಿಯುವುದಿಲ್ಲ. ಫಲ, ಮೂತ್ರದ ಉರಿ, ತಲೆನೋವು, ಮಲಬದ್ಧತೆ. ಕಾರಿನ ನ್ಯಾವಿಗೇಶನ್‌ನಲ್ಲಿ ದಾರಿಯ ಪೆಟ್ರೋಲ್ ಬಂಕುಗಳನ್ನು ಮೊದಲೇ ಗುರುತಿಸಿ. ಕೇಳಲು ಸಂಕೋಚ ಪಡುವ ತಾಯಿ, ಅತ್ತೆ, ಸೊಸೆಯರಿಗಾಗಿ ಕೇಳದೆಯೇ ನಿಲ್ಲಿಸಿ.

ತಂಪು ಡಬ್ಬಿ ಇರುವ ಕಾರುಗಳಲ್ಲಿ ಅದು ಫ್ರಿಜ್ ಎಂದು ನಂಬಬೇಡಿ. ಹಲವು ಕಾರುಗಳಲ್ಲಿ ಅದಕ್ಕೆ ಬರುವುದು ಎಸಿಯ ಗಾಳಿಯಷ್ಟೇ, ಎಂಜಿನ್ ನಿಂತರೆ ತಂಪೂ ನಿಲ್ಲುತ್ತದೆ. ಮಾಂಸದಡುಗೆಯನ್ನೂ ಇನ್ಸುಲಿನನ್ನೂ ಅದರಲ್ಲಿಟ್ಟು ಊಟಕ್ಕೆ ಇಳಿಯಬೇಡಿ. ಇನ್ಸುಲಿನ್ ನಿಮ್ಮ ಕೈಚೀಲದಲ್ಲಿ ನಿಮ್ಮೊಡನೆ ಬರಲಿ.

ಮಕ್ಕಳು ಮತ್ತು ಬಸುರಿಯರು

ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರಬೇಡಿ. ಏರ್‌ಬ್ಯಾಗ್ ಸಿಡಿಯುವ ರಭಸಕ್ಕೆ ಮಗು ಉಳಿಯದು. ಮಗುವಿನ ಜಾಗ ಹಿಂದಿನ ಸೀಟು, ಅದರದೇ ಆಸನದಲ್ಲಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಚಾಲಕನ ಬಾಗಿಲಿನಲ್ಲಿರುವ, ಹಿಂದಿನ ಕಿಟಕಿಗಳನ್ನು ಬಂಧಿಸುವ ಗುಂಡಿಯನ್ನು ಒತ್ತಿಡಿ.

ನಿಂತ ಕಾರಿನಲ್ಲಿ ಮಗುವನ್ನು 'ಎರಡೇ ನಿಮಿಷ' ಎಂದು ಬಿಟ್ಟು ಹೋಗಬೇಡಿ, ಅಂಗಡಿಗಾಗಲಿ ಮಸೀದಿಗಾಗಲಿ. 35 ಡಿಗ್ರಿಯ ದಿನ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯೊಳಗೆ 50 ಡಿಗ್ರಿ ದಾಟಬಲ್ಲದು. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಒಂದಿಂಚು ಇಳಿಸಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಮಗುವಿನ ಮೈ ದೊಡ್ಡವರಿಗಿಂತ ಬಹಳ ವೇಗವಾಗಿ ಕಾಯುತ್ತದೆ. ಎಸಿ ಹಾಕಿ ಬಿಡುತ್ತೇನೆ ಎನ್ನಬೇಡಿ, ಕೆಲವು ಕಾರುಗಳಲ್ಲಿ ಎಂಜಿನ್ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ.

ಬಸುರಿಯರು ಬೆಲ್ಟ್ ಬಿಡಬಾರದು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದೆಲುಬಿನ ಮೇಲೆ. ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಬದಿಯಿಂದ ಇಳಿಯಲಿ.

ಹೊರಡುವ ಮೊದಲು

ನಿಂತ ಕಾರಿನಲ್ಲಿ ಐದು ನಿಮಿಷ ಕೊಟ್ಟು ಇದನ್ನು ರೂಢಿಸಿಕೊಳ್ಳಿ:

1. ಸೀಟು, ಸೊಂಟದ ಆಸರೆ, ತಲೆಯ ಆಸರೆ, ಕನ್ನಡಿ.
2. ಹಿಂದಿನವರೂ ಸೇರಿ ಎಲ್ಲರ ಬೆಲ್ಟ್.
3. ತಾಪಮಾನ 24, ಆಟೋ, ಹೊರಗಾಳಿ.
4. ಪ್ರತಿ ಸೀಟಿನ ಬಿಸಿಯ ದೀಪ ಆರಿದೆಯೇ?
5. ಕೆಂಪು ದೀಪ ಯಾವುದಾದರೂ ಉಳಿದಿದೆಯೇ? ಉಳಿದಿದ್ದರೆ ಕೈಪಿಡಿ ನೋಡದೆ ಹೊರಡಬೇಡಿ. ಹಳದಿಯಾದರೆ ಬೇಗ ತೋರಿಸಿ. ಏರ್‌ಬ್ಯಾಗಿನ ದೀಪ ಹೊತ್ತಿಯೇ ಇದ್ದರೆ ಅಪಘಾತದಲ್ಲಿ ಅದು ತೆರೆಯದಿರಬಹುದು.
6. ನೀರು, ಔಷಧಿ, ನಿಲ್ಲಿಸುವ ಜಾಗಗಳು.
7. ಇಳಿಯುವಾಗ ಹಿಂದಿನ ಸೀಟನ್ನು ಒಮ್ಮೆ ತಿರುಗಿ ನೋಡುವುದು.

ಆ ತಾಯಿ ಗಾಯ ಮಾಯ್ದ ಮೇಲೆ ಮತ್ತೊಮ್ಮೆ ಬಂದಿದ್ದರು. ಅದೇ ಕಾರು, ಅದೇ ಮಗ. ಈ ಬಾರಿ ಅವರ ಸೀಟಿನ ಅಳತೆಯನ್ನು ಮಗ 2ನೇ ಗುಂಡಿಯಲ್ಲಿ ಉಳಿಸಿಟ್ಟಿದ್ದ. ಕೈಪಿಡಿಯ ಪ್ಲಾಸ್ಟಿಕ್ ಹರಿದಿತ್ತು, ಕೆಲವು ಪುಟಗಳ ಅಂಚು ಮಡಚಿತ್ತು. ಬಿಸಿ ಗುಂಡಿಯ ಮೇಲೆ ಒಂದು ಸಣ್ಣ ಕಾಗದ ಅಂಟಿಸಿದ್ದ. ತಾಯಿಯ ಮಡಿಲಲ್ಲಿ ಮಡಚಿದ ಹಳೆಯ ಶಾಲು. "ಈಗ ಚಳಿಯಾದರೆ ಇದೇ ಹೊದೆಯುತ್ತೇನೆ ಡಾಕ್ಟ್ರೇ" ಎಂದು ನಕ್ಕರು.

ನಿಮ್ಮ ಕಾರಿನ ಕೈಪಿಡಿ ಎಲ್ಲಿದೆ? ಇಂದು ಅದನ್ನು ಹೊರತೆಗೆದು, ಸೀಟು ಮತ್ತು ಎಸಿಯ ಪುಟಗಳನ್ನಾದರೂ ಮನೆಯವರೆಲ್ಲ ಕೂತು ಓದಿ.